ಕೈಗೆ ಗೊತ್ತಿರುವುದು, ಹೊಟ್ಟೆಗೆ ಗೊತ್ತಿಲ್ಲದ್ದು

ರೇಷ್ಮೆಗೂಡು ಕೊಳ್ಳುವವರ ಕಣ್ಣಿಗಿಂತ ಕೈ ಚುರುಕಾಗಿರಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಬಂದು ನೋಡಿ. ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ, ಕೂಗಾಟ ಇಲ್ಲ. ಆದರೆ ಹರಾಜಿಗೆ ಮೊದಲು, ಗೂಡು ಕೊಂಡು ನೂಲು ತೆಗೆಸುವ ರೀಲರುಗಳೆಲ್ಲ ಲಾಟಿನಿಂದ ಲಾಟಿಗೆ (ಒಬ್ಬ ರೈತರ ಮಾರಾಟದ ರಾಶಿಯೇ ಒಂದು ಲಾಟು) ಓಡಾಡುತ್ತಾ ಗೂಡಿನ ರಾಶಿಯೊಳಗೆ ಕೈ ಇಳಿಸುತ್ತಾರೆ. ಮೇಲಿರುವ ಗೂಡು ಎಲ್ಲರ ಲಾಟಿನಲ್ಲೂ ಚೆನ್ನಾಗಿಯೇ ಇರುತ್ತದೆ. ತಳದ್ದು ಹೇಗಿದೆ ಅನ್ನೋದೇ ವಿಷಯ. ಕೈಗೆ ತೇವ ತಗಲಿತಾ? ಬೆರಳಲ್ಲಿ ಒತ್ತಿದರೆ ಎಲ್ಲ ಕಡೆ ಒಂದೇ ಸಮ ಗಟ್ಟಿ ಇದೆಯಾ, ತುದಿಯಲ್ಲಿ ಮೆತ್ತಗಾಗುತ್ತದಾ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಪ್ಯೂಪಾ, ಅಂದರೆ ಗೂಡು ಕಟ್ಟಿಕೊಂಡ ಹುಳ, ಹೇಗೆ ಸದ್ದು ಮಾಡುತ್ತದೆ? ಸುಣ್ಣಕಟ್ಟು ರೋಗದಲ್ಲಿ ಸತ್ತ ಹುಳ ಒಣಗಿ ಗಲಗಲ ಅನ್ನುತ್ತದೆ. ಕೊಳೆತು ಹೋದದ್ದು ಗೂಡಿಗೇ ಅಂಟಿಕೊಂಡು ಸದ್ದೇ ಮಾಡುವುದಿಲ್ಲ. ಇಷ್ಟನ್ನೂ ಒಂದು ನಿಮಿಷದೊಳಗೆ ನೋಡಿ, ಅಷ್ಟಕ್ಕೆ ಎಷ್ಟು ಹಾಕಬಹುದು ಅಂತ ನಿರ್ಧಾರ ಮಾಡಬೇಕು.

ನನಗೆ ಈ ಕೆಲಸ ಕಲಿಸಿದವರು ನಮ್ಮ ಮಾವ. ಕಲಿಸಿದರು ಅನ್ನೋದೂ ತಪ್ಪೇ, ಅವರು ಏನನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೋಡೋಕೆ ಬಂಗಾರದಂಥ ಲಾಟು ಬಿಟ್ಟು ಮುಂದೆ ಹೋಗುವರು. "ಯಾಕೆ ಮಾವ ಬೇಡ ಅಂದ್ರಿ?" ಅಂದರೆ "ಕೈಗೆ ಸರಿ ಬರ್ಲಿಲ್ಲ ಕಣಮ್ಮ" ಅಷ್ಟೇ. ನಾನು ಬಿ.ಕಾಂ. ಓದಿದವಳು. ಕಾರಣ ಇಲ್ಲದ ಉತ್ತರ ಅಂದರೆ ಮೈ ಉರಿಯುತ್ತಿತ್ತು.

ಆಮೇಲೆ ನನಗೆ ಅರ್ಥವಾಗಿದ್ದು ಅವರ ಹಳೆಯ ನೋಟುಬುಕ್ಕುಗಳಿಂದ. ಪ್ರತಿ ಲಾಟಿಗೂ ರೆಂಡಿಟಾ ಬರೆದಿಟ್ಟಿದ್ದರು. ಈ ಕಸುಬು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಕಿಲೋ ನೂಲು ಬರೋಕೆ ಎಷ್ಟು ಕಿಲೋ ಗೂಡು ಬೇಕಾಯಿತು ಅನ್ನೋದೇ ರೆಂಡಿಟಾ. ಮಿಶ್ರತಳಿಯ ಹಳದಿ ಗೂಡಿಗೆ ಏಳೆಂಟು ಕಿಲೋ ಬೇಕು, ಒಳ್ಳೆಯ ಬಿಳಿ ದ್ವಿತಳಿ ಗೂಡಾದರೆ ಆರು ಆರೂವರೆಗೆ ಮುಗಿಯುತ್ತದೆ. ಮಾವ ಬೆಳಿಗ್ಗೆ ಕೈಯಿಂದ ಊಹೆ ಮಾಡಿದ್ದು, ಗೂಡು ಬೇಯಿಸಿ ನೂಲು ತೆಗೆದು ತೂಕಕ್ಕೆ ಹಾಕಿದಾಗ ಸರಿಯೋ ತಪ್ಪೋ ಗೊತ್ತಾಗಿಬಿಡುತ್ತಿತ್ತು. ಪ್ರತಿ ಸಲವೂ. ವರ್ಷಗಟ್ಟಲೆ. ಅವರ ಕೈಯನ್ನು ತಿದ್ದಿದ್ದು ಆ ತಕ್ಕಡಿ.

ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆ ಅಂದರೆ, ಈಚೆಗೆ ಎಲ್ಲಿ ನೋಡಿದರೂ "ನಿಮ್ಮ ಒಳದನಿ ಕೇಳಿ, ನಿಮ್ಮ ದೇಹ ಸುಳ್ಳು ಹೇಳುವುದಿಲ್ಲ, ನಿಜವಾದ ನಾಯಕತ್ವ ಅಲ್ಲಿಂದಲೇ ಶುರು" ಅಂತ ಹೇಳುವವರು ಜಾಸ್ತಿಯಾಗಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ಸಣ್ಣ ಉದ್ದಿಮೆ ನಡೆಸುವ ಹೆಂಗಸರಿಗೆ ಅಂತ ಒಂದು ತರಬೇತಿ ಇತ್ತು, ಅಲ್ಲೂ ಇದೇ ಮಾತು. ಕಣ್ಣು ಮುಚ್ಚಿಸಿದರು, ಎದೆ ಮೇಲೆ ಕೈ ಇಡಿಸಿದರು. ನನಗೆ ಆ ಮಾತಿನ ಅರ್ಧ ಭಾಗ ನಿಜ ಅಂತ ಗೊತ್ತು. ಇನ್ನರ್ಧ ಅಪಾಯದ್ದು.

ನಿಜವಾದ ಅರ್ಧ ಮೊದಲು.

ಮೈಯೊಳಗಿನಿಂದ ಮೆದುಳಿಗೆ ಸುದ್ದಿ ಹೋಗುತ್ತಲೇ ಇರುತ್ತದೆ. ಎದೆ, ಹೊಟ್ಟೆ, ಕರುಳುಗಳಿಂದ ಮೇಲಕ್ಕೆ ಹೋಗುವ ವೇಗಸ್ ಅನ್ನೋ ನರದಲ್ಲಿ ಹೆಚ್ಚಿನ ಎಳೆಗಳು ಮೆದುಳಿಂದ ಅಪ್ಪಣೆ ತರುವವಲ್ಲ, ಮೆದುಳಿಗೆ ಸುದ್ದಿ ಒಯ್ಯುವಂಥವು. ಹೀಗೆ ಒಳಗಿನದನ್ನು ತಿಳಿಯುವ ಇಂದ್ರಿಯಗಳಿಗೆ ಬೇರೆ ಹೆಸರೇ ಬೇಕು ಅಂತ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲೇ ಬರೆದಿದ್ದರು. 1981ರಲ್ಲಿ ಜರ್ಮನಿಯ ರೈನರ್ ಶಾಂಡ್ರಿ ಒಂದು ಸುಲಭದ ಪರೀಕ್ಷೆ ಮಾಡಿದರು. ನಾಡಿ ಮುಟ್ಟದೆ, ಸುಮ್ನೆ ಕೂತು, ನಿಮ್ಮ ಎದೆಬಡಿತ ಎಣಿಸಿ. ಯಂತ್ರವೂ ಎಣಿಸುತ್ತಿರುತ್ತದೆ. ಎರಡೂ ತಾಳೆ ನೋಡೋದು. ನೀವೂ ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. 2016ರಲ್ಲಿ ಲಂಡನ್ನಿನ ಹಣಕಾಸು ಪೇಟೆಯ ವ್ಯಾಪಾರಿಗಳ ಮೇಲೆ ಇದೇ ಥರದ ಪರೀಕ್ಷೆ ನಡೆಯಿತು. ಎದೆಬಡಿತ ಚೆನ್ನಾಗಿ ತಿಳಿಯುವವರು ಲಾಭವನ್ನೂ ಜಾಸ್ತಿ ಮಾಡಿದ್ದರು, ಆ ಕೆಲಸದಲ್ಲಿ ಜಾಸ್ತಿ ವರ್ಷ ಉಳಿದೂ ಇದ್ದರು. ಆದರೆ ಪರೀಕ್ಷೆಗೆ ಸಿಕ್ಕಿದ ವ್ಯಾಪಾರಿಗಳು 18 ಜನ, ಎಲ್ಲ ಗಂಡಸರು. ಅಷ್ಟರಿಂದ ಊರಿಗೆಲ್ಲ ಉಪದೇಶ ಮಾಡೋಕೆ ಆಗಲ್ಲ, ಅಲ್ವಾ?

ಇದಕ್ಕಿಂತ ಹೆಸರಾದದ್ದು ಅಮೆರಿಕದ ಅಯೋವಾದ ಇಸ್ಪೀಟು ಪ್ರಯೋಗ. ಬೆಷಾರಾ, ದಮಾಸಿಯೋ ಮತ್ತು ಅವರ ಜೊತೆಯವರು ಮಾಡಿದ್ದು. ನಾಲ್ಕು ಕಟ್ಟು ಎಲೆ. ಎರಡರಲ್ಲಿ ದೊಡ್ಡ ಗಳಿಕೆ, ಅದಕ್ಕಿಂತ ದೊಡ್ಡ ನಷ್ಟ. ಇನ್ನೆರಡರಲ್ಲಿ ಸಣ್ಣ ಗಳಿಕೆ, ಇನ್ನೂ ಸಣ್ಣ ನಷ್ಟ. ಆಡುವವರಿಗೆ ಇದು ಗೊತ್ತಿಲ್ಲ. 1997ರಲ್ಲಿ ಅವರು ಬರೆದ ಪ್ರಕಾರ, ಹತ್ತು ಎಲೆ ಎತ್ತುವ ಹೊತ್ತಿಗೇ ಕೆಟ್ಟ ಕಟ್ಟಿನ ಕಡೆ ಕೈ ಹೋದರೆ ಅಂಗೈ ಬೆವರುತ್ತಿತ್ತು. "ಆ ಕಟ್ಟು ಯಾಕೋ ಸರಿಯಿಲ್ಲ" ಅಂತ ಬಾಯಲ್ಲಿ ಬರೋಕೆ ಐವತ್ತು ಎಲೆ ಆಗಬೇಕಾಯಿತು. ಓದಿದಾಗ ನನಗೆ ಮಾವನೇ ಕಣ್ಣ ಮುಂದೆ ಬಂದರು. ಆದರೆ 2004ರಲ್ಲಿ ಬೇರೆಯವರು ಅದೇ ಆಟ ಆಡಿಸಿ, ನಡುನಡುವೆ ಇನ್ನೂ ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದರು. ಆಡುವವರಿಗೆ ಯಾವ ಕಟ್ಟು ಒಳ್ಳೆಯದು ಅಂತ ಬೇಗನೇ ತಿಳಿದಿರುತ್ತದೆ ಅಂತ ಅವರಿಗೆ ಕಂಡಿತು. ಮೈಗೆ ಮೊದಲು ಗೊತ್ತಾಯಿತೋ, ಸರಿಯಾಗಿ ಕೇಳಿದವರೇ ಇರಲಿಲ್ಲವೋ! ಮಾವನನ್ನೂ ನಾನು ಸರಿಯಾಗಿ ಕೇಳಿರಲಿಲ್ಲವೇನೋ. "ತಳದಲ್ಲಿ ತೇವ ಇತ್ತಾ ಮಾವ?" ಅಂತ ಕೇಳಿದ್ದರೆ "ಹ್ಞೂಂ" ಅಂದಿರುತ್ತಿದ್ದರೋ ಏನೋ.

ಈಗ ಅಪಾಯದ ಅರ್ಧ.

ಮನುಷ್ಯರಿಗೆ ರೆಂಡಿಟಾ ಇಲ್ಲ. ನಾನು ಒಬ್ಬಳನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ ಅಂದರೆ, ಅವಳು ಹೇಗೆ ಕೆಲಸ ಮಾಡುತ್ತಿದ್ದಳು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ನನ್ನ ಊಹೆಯನ್ನು ತಕ್ಕಡಿಗೆ ಹಾಕುವವರಿಲ್ಲ. ಮನಃಶಾಸ್ತ್ರಜ್ಞರಲ್ಲಿ ಡೇನಿಯಲ್ ಕಾಹ್ನೆಮನ್ ಒಳದನಿಯನ್ನು ನಂಬದವರು, ಗ್ಯಾರಿ ಕ್ಲೈನ್ ನಂಬುವವರು. ಅಗ್ನಿಶಾಮಕ ದಳದ ಅಧಿಕಾರಿಗಳು ಕ್ಷಣದಲ್ಲಿ ಹೇಗೆ ನಿರ್ಧಾರ ಮಾಡುತ್ತಾರೆ ಅಂತ ವರ್ಷಗಟ್ಟಲೆ ನೋಡಿದವರು ಕ್ಲೈನ್. ಇಬ್ಬರೂ ಸೇರಿ 2009ರಲ್ಲಿ ಒಂದು ಲೇಖನ ಬರೆದು, ಒಂದು ಮಾತಿಗೆ ಒಪ್ಪಿದರು. ಒಳದನಿಯನ್ನು ನಂಬಬೇಕಾದರೆ ಎರಡು ಬೇಕು. ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ಆ ಕ್ರಮ ಕಲಿಯುವಷ್ಟು ಸಲ ನಿಮ್ಮ ಊಹೆಗೆ ಉತ್ತರವೂ ಸಿಕ್ಕಿರಬೇಕು. ಎಷ್ಟು ಗಟ್ಟಿಯಾಗಿ ಅನ್ನಿಸುತ್ತದೆ ಅನ್ನೋದು ಲೆಕ್ಕಕ್ಕಿಲ್ಲ.

ನಮ್ಮ ಊರಲ್ಲೇ ಒಬ್ಬ ರೀಲರ್ ಇದ್ದಾರೆ. ಒಂದು ಹಳ್ಳಿಯ ಗೂಡು ಅಂದರೆ ಅವರಿಗೆ ಆಗದು. ಯಾವಾಗಲೋ ಮಳೆಗಾಲದಲ್ಲಿ ಆ ಕಡೆಯ ಲಾಟು ತಗೊಂಡು, ಎಳೆ ಬಿಟ್ಟುಕೊಳ್ಳದೆ ಒದ್ದಾಡಿದ್ದರು. ಹುಳ ಗೂಡು ಕಟ್ಟುವಾಗ ಮನೆಯಲ್ಲಿ ಗಾಳಿಯಾಡದೆ ತೇವ ಜಾಸ್ತಿಯಾದರೆ ಹಾಗಾಗುತ್ತದೆ, ಅದಕ್ಕೂ ಹಳ್ಳಿಗೂ ಸಂಬಂಧ ಇಲ್ಲ. ಆದರೂ ಇವತ್ತಿಗೂ ಆ ಊರಿನ ಹೆಸರು ಕಂಡರೆ ಅವರ ಮುಖ ಕಿವುಚುತ್ತದೆ. ಮೈ ಪಾಠ ಕಲಿಯಿತು ನಿಜ, ಒಂದೇ ಪಾಠ ಕಲಿತು ಶಾಲೆ ಬಿಟ್ಟಿತು. ಗೂಡಿನಲ್ಲಿ ಹೀಗಾದರೆ ದುಡ್ಡು ಹೋಗುತ್ತದೆ. ಜನರ ವಿಷಯದಲ್ಲಿ ಹೀಗಾದರೆ? "ಯಾಕೋ ಇವಳು ಮನಸ್ಸಿಗೆ ಬರ್ಲಿಲ್ಲ" ಅನ್ನೋ ಮಾತಿನ ಹಿಂದೆ ಜಾತಿ ಇರುತ್ತದೆ, ಧರ್ಮ ಇರುತ್ತದೆ, ಬಣ್ಣ ಇರುತ್ತದೆ, ತೆಲುಗಿನ ರಾಗ ಇರುತ್ತದೆ. ಅವೆಲ್ಲವೂ ಹೊಟ್ಟೆಯಲ್ಲಿ ಒಂಥರಾ ಸಂಕಟ ಆಗಿಯೇ ಬರುತ್ತವೆ, ಹೆಸರು ಹೇಳಿಕೊಂಡು ಬರುವುದಿಲ್ಲ. ಅದಕ್ಕೇ ಹೊಸಬರನ್ನು ತೆಗೆದುಕೊಳ್ಳುವಾಗ ನಾನು ಮುಖ ನೋಡಿ ಮಾತಾಡಿಸಿ ಕಳಿಸುವುದಿಲ್ಲ. ಒಂದು ವಾರ ಕೂಲಿ ಕೊಟ್ಟು, ನೂಲು ತೆಗೆಯುವ ಬಿಸಿನೀರಿನ ತೊಟ್ಟಿ, ಅಂದರೆ ಬೇಸಿನ್ ಮುಂದೆ ಕೂರಿಸುತ್ತೇನೆ. ಎಳೆ ಎಷ್ಟು ಸಲ ತುಂಡಾಯಿತು, ಎಷ್ಟು ಬೇಗ ಜೋಡಿಸಿದರು ನೋಡುತ್ತೇನೆ. ಅಲ್ಲಿ ನನ್ನ ಹೊಟ್ಟೆಗೆ ಕೆಲಸ ಇಲ್ಲ.

ಇನ್ನೊಂದು ಸಣ್ಣ ಮಾತು. ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಟೀ ಕುಡಿದು ಮಾರುಕಟ್ಟೆಗೆ ಹೋದರೆ ಎದೆ ಢವಢವ ಅನ್ನುತ್ತದೆ. ಅದು ಒಳದನಿ ಅಲ್ಲ, ಟೀ. ನಿದ್ದೆಗೆಟ್ಟಿದ್ದರೂ ಹಾಗೇ, ಥೈರಾಯ್ಡ್ ಜಾಸ್ತಿಯಾಗಿದ್ದರೂ ಹಾಗೇ. ಎದೆನೋವು ಬಂದಾಗ ಕಣ್ಣು ಮುಚ್ಚಿ "ಇದು ನನಗೇನು ಹೇಳುತ್ತಿದೆ" ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಹಾಗಾದರೆ ಮೈಯನ್ನು ಗಮನಿಸೋದೇ ಬೇಡವಾ? ಬೇಕು. ಆದರೆ ನಾನು ಗಮನಿಸೋದು ಬೇರೆ ಕಾರಣಕ್ಕೆ.

ಮಾವ ಹೋದಮೇಲೆ ಫಿಲೇಚರ್, ಅಂದರೆ ನೂಲು ತೆಗೆಯುವ ಘಟಕ, ನನ್ನ ಕೈಗೆ ಬಂತು. ಯಜಮಾನರಿಗೆ ಬೇರೆ ಕೆಲಸ ಇದೆ. ನಮ್ಮಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಎಲ್ಲರಿಗಿಂತ ಹಿರಿಯರೊಬ್ಬರಿದ್ದಾರೆ, ಗೂಡು ಬೇಯಿಸುವ ಜಾಗ ಅವರದು. ಎಲ್ಲರೂ ಅವರನ್ನು ಚಿಕ್ಕಮ್ಮ ಅಂತಲೇ ಕರೆಯೋದು, ನಾನೂ. ಒಂದು ದಿನ ಗೂಡಿನ ರೇಟು ವಿಪರೀತ ಏರಿತ್ತು. ನೂಲಿನ ರೇಟು ಇದ್ದಲ್ಲೇ ಇತ್ತು. ನಾನು ಮಾರುಕಟ್ಟೆಯಿಂದ ನೇರ ಶೆಡ್ಡಿಗೆ ಬಂದೆ. ಯಾರಿಗೂ ಏನೂ ಹೇಳಿಲ್ಲ, ನನ್ನ ಪ್ರಕಾರ ಮುಖವೂ ಮಾಮೂಲಿನಂತೆಯೇ ಇತ್ತು. ಚಿಕ್ಕಮ್ಮ ತಲೆ ಎತ್ತದೆಯೇ ಕೇಳಿದರು:

"ಏನಮ್ಮ, ಇವತ್ತು ಗೂಡು ತೇಜಿನಾ?"

"ನಿಮಗೆ ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಚಪ್ಪಲಿ ಸದ್ದು ಕೇಳಿಸ್ತಲ್ಲ."

ಆಮೇಲೆ ವಿಚಾರಿಸಿದರೆ, ಎಲ್ಲರಿಗೂ ಇದು ಮೊದಲಿನಿಂದ ಗೊತ್ತಿತ್ತಂತೆ. ನಾನು ಜೋರಾಗಿ ಹೆಜ್ಜೆ ಹಾಕಿದ ದಿನ ಯಾರೂ ರಜೆ ಕೇಳುವುದಿಲ್ಲ, ಮುಂಗಡ ಕೇಳುವುದಿಲ್ಲ. ಮುಖ್ಯವಾಗಿ, ಬೇಸಿನ್ನಿನಲ್ಲಿ ಏನಾದರೂ ಎಡವಟ್ಟು ಆದರೆ ಹೇಳುವುದಿಲ್ಲ. ಸಂಜೆವರೆಗೆ ಮುಚ್ಚಿಡುತ್ತಾರೆ. ಅಂದರೆ ನಾನು ಬಾಯಲ್ಲಿ "ಏನೇ ತೊಂದರೆ ಆದರೂ ತಕ್ಷಣ ಹೇಳಿ" ಅನ್ನುತ್ತಿದ್ದೆ, ನನ್ನ ಚಪ್ಪಲಿ "ಇವತ್ತು ಬೇಡ" ಅನ್ನುತ್ತಿತ್ತು. ಜನ ನಂಬಿದ್ದು ಚಪ್ಪಲಿಯನ್ನೇ.

ಮ್ಯಾನೇಜ್‌ಮೆಂಟ್ ಓದಿದವರು "ಒಳಗೂ ಹೊರಗೂ ಒಂದೇ ಆಗಿರುವ ನಾಯಕತ್ವ" ಅಂತ ಒಂದನ್ನು ಅಳೆಯೋಕೆ 2008ರಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದಾರೆ. ನಾಲ್ಕು ಗುಣ ಹೇಳುತ್ತಾರೆ. ತನ್ನನ್ನು ತಾನು ತಿಳಿದಿರುವುದು, ಮುಚ್ಚುಮರೆ ಇಲ್ಲದಿರುವುದು, ಎಲ್ಲರ ಮಾತೂ ಕೇಳಿ ತೂಗಿ ನೋಡುವುದು, ತನ್ನ ನೀತಿಗೆ ತಾನು ಬದ್ಧವಾಗಿರುವುದು. ಓದೋಕೆ ಚೆನ್ನಾಗಿದೆ. ನಮ್ಮ ಶೆಡ್ಡಿನ ಹೆಂಗಸರು ಆ ಪ್ರಶ್ನಾವಳಿಯನ್ನು ದಿನಾ ಬೆಳಿಗ್ಗೆ ನಾನು ಬಾಗಿಲು ದಾಟುವಷ್ಟರಲ್ಲಿ ತುಂಬಿ ಮುಗಿಸಿರುತ್ತಾರೆ.

ಹಾಗಾಗಿ ಈಗ ನಾನು ಮಾಡುವುದು ಇಷ್ಟೇ. ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುವಾಗ ಮೈಮೇಲೆ ಗ್ಯಾನ ತಂದುಕೊಳ್ಳುತ್ತೇನೆ. ಹಲ್ಲು ಕಚ್ಚಿಕೊಂಡಿದ್ದೇನಾ? ಭುಜ ಮೇಲಕ್ಕೆ ಹೋಗಿದೆಯಾ? ಉಸಿರು ಎದೆಯಲ್ಲೇ ನಿಂತಿದೆಯಾ, ಹೊಟ್ಟೆವರೆಗೆ ಇಳಿಯುತ್ತಿದೆಯಾ? ಸರಿ ಮಾಡಿಕೊಳ್ಳೋಕೆ ಹೋಗುವುದಿಲ್ಲ, ಬಲವಂತದ ನಗು ಇನ್ನೂ ಕೆಟ್ಟದು. ಒಳಗೆ ಹೋಗಿ ಹೇಳಿಬಿಡುತ್ತೇನೆ: "ಇವತ್ತು ರೇಟು ಕೇಳಿ ತಲೆ ಕೆಟ್ಟಿದೆ, ನಿಮ್ಮ ಮೇಲಲ್ಲ." ಅಷ್ಟು ಹೇಳಿದರೆ ಸಾಕು, ಶೆಡ್ಡಿನಲ್ಲಿ ಮಾತು ಶುರುವಾಗುತ್ತದೆ.

ಹೋದ ವರ್ಷದ ಮೆಷಿನ್ ವಿಷಯವೂ ಹೇಳಬೇಕು. ಈಗಿರುವ ಕಾಟೇಜ್ ಬೇಸಿನ್ ತೆಗೆದು, ಒಟ್ಟಿಗೆ ಇನ್ನೂ ಹೆಚ್ಚು ಎಳೆ ಸುತ್ತುವ ಮಲ್ಟಿ ಎಂಡ್ ಮೆಷಿನ್ ಹಾಕೋಣ ಅಂತ ಯೋಚನೆ ಬಂತು. ಒಳ್ಳೆಯ ನೂಲು, ಒಳ್ಳೆಯ ರೇಟು, ಸಬ್ಸಿಡಿಯೂ ಇದೆ. ಕಾಗದ ಎಲ್ಲ ಸರಿಯಿತ್ತು. ಆದರೆ ಆ ಫೈಲು ಮುಟ್ಟಿದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಯಾರೋ ಹಿಡಿದುಕೊಂಡಂತೆ. "ನಿನ್ನ ಮನಸ್ಸು ಬೇಡ ಅಂತಿದೆ, ಬಿಟ್ಟುಬಿಡು" ಅಂದರು ಯಜಮಾನರು. "ಅದು ಬರೀ ಭಯ, ಸಹಿ ಹಾಕಿ ಅತ್ತಿಗೆ" ಅಂದ ಮೈದುನ. ಇಬ್ಬರೂ ನನ್ನ ಹೊಟ್ಟೆಯ ಭಾಷೆಗೆ ಅರ್ಥ ಹೇಳೋಕೆ ಎಷ್ಟು ಬೇಗ ತಯಾರಾದರು ನೋಡಿ!

ಷಿಕಾಗೋದಲ್ಲಿ ಯೂಜೀನ್ ಜೆಂಡ್ಲಿನ್ ಅಂತ ಒಬ್ಬ ತತ್ವಶಾಸ್ತ್ರಜ್ಞ, ಮನಃಶಾಸ್ತ್ರಜ್ಞ ಇದ್ದರು. ಆಪ್ತಸಲಹೆಗೆ ಹೆಸರಾದ ಕಾರ್ಲ್ ರೋಜರ್ಸ್ ಜೊತೆ ಕೆಲಸ ಮಾಡಿದವರು. ಆಪ್ತಸಲಹೆಯಿಂದ ಯಾರಿಗೆ ಉಪಯೋಗ ಆಗುತ್ತದೆ ಅಂತ ಹುಡುಕಿದಾಗ, ಮಾತಿನ ನಡುವೆ ತಡೆದು, ಮೈಯೊಳಗೆ ಏನೋ ಅಸ್ಪಷ್ಟವಾಗಿದೆಯಲ್ಲ ಅದಕ್ಕೆ ಸರಿಯಾದ ಮಾತು ಯಾವುದು ಅಂತ ತಡಕಾಡುವವರಿಗೆ ಅಂತ ಅವರಿಗೆ ಕಂಡಿತು. ಅವರ ವಿಧಾನ ಸರಳ. ಒಂದೊಂದೇ ಮಾತು ಹಾಕಿ ನೋಡಿ, ಯಾವುದಕ್ಕೆ ಒಳಗೆ ಸಡಿಲವಾಗುತ್ತದೆ ಅಂತ ಕಾಯಿರಿ. ನಾನೂ ಹಾಗೇ ನೋಡಿದೆ. ಸಾಲ ಅಂದುಕೊಂಡೆ, ಏನೂ ಆಗಲಿಲ್ಲ. ಕಂತು ಅಂದೆ, ಸ್ವಲ್ಪ. ಮೆಷಿನ್ ಬಂದಮೇಲೆ ಬೇಯಿಸುವ ಜಾಗದಲ್ಲಿ ಚಿಕ್ಕಮ್ಮ ಇರೋದಿಲ್ಲ ಅಂದುಕೊಂಡೆ. ಅಲ್ಲೇ ಇತ್ತು. ಕೆಲವರ ಕೆಲಸ ಹೋಗುವ ವಿಷಯವನ್ನು ಅವರಿಗೇ ಹೇಳದೆ ಕೊಟೇಶನ್ ತರಿಸುತ್ತಿದ್ದೆವಲ್ಲ, ಆ ಹಿಡಿತ ಅದರದು. ಮೆಷಿನ್ ಒಳ್ಳೆಯದೋ ಕೆಟ್ಟದೋ ಅಂತ ನನ್ನ ಹೊಟ್ಟೆಗೆ ಏನು ಗೊತ್ತು? ಅದು ಹೇಳಿದ್ದು ಇಲ್ಲಿ ಏನೋ ಇದೆ ಅಂತ ಮಾತ್ರ. ಏನು ಅಂತ ನಾನೇ ಕೇಳಿ ತಿಳಿಯಬೇಕಾಯಿತು.

ಎಲ್ಲರನ್ನೂ ಕೂರಿಸಿ ಹೇಳಿದೆ. ಇಬ್ಬರು ಗಾರ್ಮೆಂಟ್ಸ್ ಬಸ್ಸು ಹತ್ತುತ್ತೇವೆ ಅಂದರು, ಹತ್ತಿದರು ಕೂಡ. ಉಳಿದವರು ಮೆಷಿನ್ ಕೆಲಸ ಕಲಿಸಿದರೆ ಕಲಿಯುತ್ತೇವೆ ಅಂದರು. ಮೆಷಿನ್ ಒಂದು ವರ್ಷ ಮುಂದೆ ಹೋಗಿದೆ. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯಾ ಅನ್ನೋದು ಮುಂದಿನ ಮಾರ್ಚಿಗೆ ಗೊತ್ತಾಗುತ್ತದೆ.

ಈ ಮಾತೆಲ್ಲ ಬರೆಯುವಾಗ ನನಗೆ ಕಾಡುವ ವಿಷಯ ಬೇರೆ. ಮೈ ಮಾತು ಕೇಳೋದು ಯಾರಿಗೆ ಸಾಧ್ಯ? ನಾನು ನಲ್ಲಿ ಹತ್ತಿರ ಭುಜ ಎಲ್ಲಿದೆ ಅಂತ ನೋಡುತ್ತಾ ನಿಲ್ಲಬಹುದು. ಒಳಗೆ ಗೂಡು ಕುದಿಯುವ ನೀರಿನಲ್ಲಿ ಬೇಯುತ್ತಿರುತ್ತದೆ. ನೂಲು ತೆಗೆಯುವವರ ಕೈ ದಿನವಿಡೀ ಬಿಸಿ ನೀರಿನಲ್ಲೇ ಇರುತ್ತದೆ. ಬೆರಳ ತುದಿ ಬೆಳ್ಳಗಾಗಿ ಚರ್ಮ ಸುಲಿಯುತ್ತದೆ. ಪ್ಯೂಪಾದ ವಾಸನೆ, ಹಬೆ. ಕೆಲವರಿಗೆ ಅದರಿಂದಲೇ ಉಬ್ಬಸ ಶುರುವಾಗುತ್ತದೆ. ಚಿಕ್ಕಮ್ಮ ನೀರಿನ ಹದ ನೋಡೋಕೆ ಬೆರಳು ಅದ್ದುತ್ತಾರೆ. ಸುಡಲ್ವಾ ಅಂದರೆ "ಆ ಕೈ ಸತ್ತು ಯಾವ ಕಾಲ ಆಯ್ತು ಬಿಡು" ಅನ್ನುತ್ತಾರೆ. ಕೂಲಿ ಬೇಕಾದವರು ಮೈ ಹೇಳಿದ್ದನ್ನು ಕೇಳಿಸಿಕೊಳ್ಳದೇ ಇರೋದನ್ನು ಕಲಿತಿರುತ್ತಾರೆ. ಒಡತಿಯಾದವಳು ತನ್ನ ಉಸಿರು ನೋಡಿಕೊಳ್ಳುವಷ್ಟಕ್ಕೇ ನಿಂತರೆ ಅದು ಶೋಕಿ.

ಅದಕ್ಕೇ ಈ ಸಲ ತರಬೇತಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಥರ್ಮಾಮೀಟರ್ ತಂದೆ, ಹಬೆ ಹೊರಗೆ ಎಳೆಯೋಕೆ ಫ್ಯಾನು ತಂದೆ. ಎಲೆಕ್ಟ್ರಿಷಿಯನ್ ಬೇಸಿನ್ ಎದುರಿನ ಗೋಡೆಗೆ ಫ್ಯಾನು ಹಾಕೋಕೆ ತೂತು ಕೊರೆಯೋದರಲ್ಲಿದ್ದ. ಚಿಕ್ಕಮ್ಮ ಎದ್ದು ಬಂದರು. ಅಲ್ಲಿ ಹಾಕಿದರೆ ಗಾಳಿ ನೀರಿನ ಮೇಲೇ ಎಳೆಯುತ್ತದೆ, ನೀರು ಆರುತ್ತದೆ, ಎಳೆ ಪಟಪಟ ಕಿತ್ತುಹೋಗುತ್ತದೆ ಅಂದರು. ಹಬೆ ಎತ್ತ ಹೋಗುತ್ತದೆ ಅಂತ ಕೈ ಎತ್ತಿ ತೋರಿಸಿದರು, ಮಾಡಿನ ಹತ್ತಿರ, ಬೇಯಿಸುವ ಒಲೆಯ ನೆತ್ತಿಗೆ. ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ.

"ಅವರು ಹೇಳಿದ ಕಡೆ ಹಾಕಪ್ಪ" ಅಂದೆ. ಏಣಿ ತರೋಕೆ ಹೋದ. ಅಷ್ಟು ಎತ್ತರಕ್ಕೆ ಕೂಲಿ ಜಾಸ್ತಿ ಆಗುತ್ತೆ ಅಂತ ಹೇಳಿಯೇ ಹೋದ.